ಪೆಗ್ಗಿಯ ಗಾಡಿ ರಿವರ್ಸ್ ಬಂದ ದಿನ

ಸಿರಿ, ವಿಹಾನ್, ಹೋದ ಶನಿವಾರ ನಿಮ್ಮಜ್ಜಿ ನಲವತ್ತು ಜನ ಗಂಡಸರ ಎದುರಿಗೆ ಒಂದು ಬಸ್ಸಿನ ಬೆನ್ನಿಗೆ ಗುದ್ದಿದಳು. ಮನೆಗೆ ನೆಂಟರು ಬಂದರೆ ಕಾಫಿ ಕೊಟ್ಟು ಅಡುಗೆಮನೆ ಸೇರುವ ಅಜ್ಜಿಯೇ. ಇನ್ಯಾರೂ ಅಲ್ಲ.

ಬಸ್ಸು ಅಂದರೆ ಬಸ್ಸಲ್ಲ, ಮೋಟಾರ್‌ಹೋಮ್. ಒಳಗೆ ಮಂಚ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಇರುತ್ತದೆ. (ಮನೆ ಬಿಟ್ಟು ನಾಲ್ಕು ದಿನ ಹೊರಗಿರೋಣ ಅಂತ ಮನೆಯನ್ನೇ ಜೊತೆಗೆ ಒಯ್ಯುವುದು ಯಾವ ಸೀಮೆಯ ಪ್ರವಾಸ?) ಇದು ನಮ್ಮ ಹಿಂದಿನ ಬೀದಿಯ ಪೆಗ್ಗಿಯದು. ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬರುತ್ತಾಳಲ್ಲ, ಅವಳೇ. ಗಂಡ ವಾಲ್ಟರ್ ಮಿಲಿಟರಿಯಲ್ಲಿದ್ದವರು, ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರಂಥ ಮಾಜಿ ಸೈನಿಕರದ್ದೇ ಒಂದು ಮೋಟಾರ್‌ಹೋಮ್ ಕ್ಲಬ್ ಇದೆ. ವರ್ಷಕ್ಕೊಮ್ಮೆ, ನಮ್ಮ ವೆಸ್ಟ್ ವಿಂಡ್ಸರ್‌ನಿಂದ ಒಂದು ಗಂಟೆ ದೂರದಲ್ಲಿ, ಕುದುರೆ ಸಾಕುವವರ ಹುಲ್ಲುಗಾವಲಿನಲ್ಲಿ ಎಲ್ಲರೂ ಸೇರುತ್ತಾರೆ. ಈ ಸಲ ಪೆಗ್ಗಿ ಒಬ್ಬಳೇ. ಬರುತ್ತೀಯಾ ಅಂತ ಕೇಳಿದಳು. ಇಲ್ಲ ಅನ್ನಲು ನನಗೆ ಸಂಕೋಚ, ಹೋದೆ.

ಅವಳ ಮಗ ಕೆವಿನ್ ಒಂದು ಶರತ್ತು ಹಾಕಿದ್ದ. ಅಲ್ಲಿ ಅಮ್ಮನೇ ಗಾಡಿಯನ್ನು ರಿವರ್ಸ್‌ನಲ್ಲಿ ತಂದು ತನ್ನ ಜಾಗದಲ್ಲಿ ನಿಲ್ಲಿಸಬೇಕು. ಆಗಲಿಲ್ಲವೋ, ಸೋಮವಾರವೇ ಮಾರಾಟ. ಪೆಗ್ಗಿ ಸಿಟ್ಟಿನಲ್ಲಿ ಒಪ್ಪಿಬಿಟ್ಟಿದ್ದಳು. ಅವನು ಕಾರಿನಲ್ಲಿ 'ಫಾರ್ ಸೇಲ್' ಬೋರ್ಡು ಇಟ್ಟುಕೊಂಡೇ ನಮ್ಮ ಹಿಂದೆ ಬಂದ. ಎಂಥ ಮುಂದಾಲೋಚನೆ ನೋಡಿ.

ಮುಂದಕ್ಕೆ ಓಡಿಸುವುದರಲ್ಲಿ ಪೆಗ್ಗಿ ಗಟ್ಟಿಗಿತ್ತಿ. ರಿವರ್ಸ್ ಮಾತ್ರ ಯಾವಾಗಲೂ ವಾಲ್ಟರ್ ಕೆಲಸ. ದಾರಿಯಲ್ಲಿ ಹೇಳಿದಳು: ಮನೆಯ ಯಾವ ಮೂಲೆಯಲ್ಲಿ ಕೂತರೂ ಅವರಿಲ್ಲ ಅನಿಸುತ್ತದೆ, ಈ ಸೀಟಿನಲ್ಲಿ ಕೂತಾಗ ಮಾತ್ರ ಹಾಗನಿಸುವುದಿಲ್ಲ. ನಾನು ಕಿಟಕಿಯಾಚೆ ನೋಡಿದೆ.

ಬೇಲಿಯಾಚೆ ಕುದುರೆಗಳು. ಮುಖಕ್ಕೆ ಬಲೆಯ ಮುಸುಕು ಕಟ್ಟಿದ್ದರು, ನೊಣ ಕೂರದಿರಲಿ ಅಂತ. ಬೇಲಿಯೀಚೆ ಚಡ್ಡಿ ಹಾಕಿದ ಮುದುಕರು. ಅವರ ಮೇಲೆ ಬೇಕಾದಷ್ಟು ನೊಣ, ಕೇಳುವವರಿಲ್ಲ.

ಪೆಗ್ಗಿಗೆ ಸಿಕ್ಕ ಜಾಗದ ಎಡಕ್ಕೆ ಮರ, ಬಲಕ್ಕೆ ಇನ್ನೊಬ್ಬರ ಹೊಚ್ಚಹೊಸ ಗಾಡಿ. ಹಿಂದಿನ ಕ್ಯಾಮೆರಾ ಕೆಟ್ಟು ಎರಡು ವರ್ಷ. ಗಂಡಸರೆಲ್ಲ ಕಾಫಿ ಮಗ್ ಹಿಡಿದು ಬಂದರು. ಒಬ್ಬ ಎಡಕ್ಕೆ ಅಂದ. ಇನ್ನೊಬ್ಬ ಬಲಕ್ಕೆ ಅಂದ. ಮೂರನೆಯವನು ಕೈ ತಿರುಗಿಸಿ ಗಾಳಿಯಲ್ಲಿ ದೋಸೆ ಹುಯ್ದ. (ಯುದ್ಧದಲ್ಲೂ ಹೀಗೇ ಮಾಡಿದ್ದರೇ?) ಮೊದಲನೇ ಸಲ ಕಸದ ಡಬ್ಬ ಉರುಳಿತು. ಎರಡನೇ ಸಲ ಮರದ ಕೊಂಬೆ ಮುರಿಯಿತು.

ಕೆವಿನ್ ಬಂದು ಸಾಕು ಮಾಮ್ ಅಂದ. ಕ್ಲಬ್ಬಿನ ಮುಖ್ಯಸ್ಥರೂ ಬಂದು, ಕೆಳಗಿಳಿ, ಐದು ನಿಮಿಷದಲ್ಲಿ ನಾನೇ ನಿಲ್ಲಿಸಿಕೊಡುತ್ತೇನೆ ಅಂದರು. ಎಷ್ಟು ಒಳ್ಳೆಯವರು! ಆ ಒಳ್ಳೆಯತನದಲ್ಲೇ ಅವಳ ಗಾಡಿ ಕೈಬಿಟ್ಟು ಹೋಗುತ್ತಿತ್ತು. ಪೆಗ್ಗಿ ಬಾಗಿಲ ಹಿಡಿಗೆ ಕೈ ಹಾಕಿದಳು.

ನಿಮಗೆ ಒಂದು ವಿಷಯ ಗೊತ್ತಿಲ್ಲ. ನಿಮ್ಮ ತಾತ ಮಿಲಿಟರಿಯಲ್ಲಿ ಟ್ರಕ್ ಓಡಿಸಿದವರು. ಆಮೇಲೆ ಊರಿನಲ್ಲಿ ಲಾರಿ ಇಟ್ಟರು. ನಮ್ಮ ಸಂದಿಯಲ್ಲಿ ಅದು ಹಿಂದಕ್ಕೆ ಬರುವಾಗ, ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು ದಾರಿ ತೋರಿಸುತ್ತಿದ್ದವಳು ನಾನು. ಗಂಡನ ಮೇಲೆ ಕೂಗುವ ಹಾಗಿರಲಿಲ್ಲ. ಲಾರಿಯ ಮೇಲೆ ಕೂಗಬಹುದಿತ್ತು.

ಹೋಗಿ ಪೆಗ್ಗಿಯ ಕಿಟಕಿ ತಟ್ಟಿದೆ.

"ಒನ್ ಹಿಟ್, ಕಮ್. ಟೂ ಹಿಟ್, ಸ್ಟಾಪ್. ಡೋಂಟ್ ಸೀ ಜೆಂಟ್ಸ್."

ಏಳನೇ ಕ್ಲಾಸಿನ ಇಂಗ್ಲಿಷು. ಅವಳಿಗೆ ಪೂರ್ತಿ ಅರ್ಥವಾಯಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ, ಅವಳ ಕನ್ನಡಿಗೆ ಕಾಣುವ ಮೂಲೆಯಲ್ಲಿ ನಿಂತೆ. ಗಾಡಿಯ ಬೆನ್ನಿಗೆ ಧಡ್ ಅಂತ ಒಂದು ಕೊಟ್ಟೆ. "ಬರ್ಲಿ, ಬರ್ಲಿ, ಬರ್ಲಿ." ಕುದುರೆಗಳು ಹೆದರಿ ಹುಲ್ಲುಗಾವಲಿನ ಆ ತುದಿಗೆ ಓಡಿದವು. ಗಂಡಸರು ಎರಡು ಹೆಜ್ಜೆ ಹಿಂದೆ ಸರಿದರು. ಮರ ಹತ್ತಿರ ಬಂತು, ಎರಡು ಗುದ್ದು. ನಿಂತಿತು. ಸ್ಟಿಯರಿಂಗ್ ಎಷ್ಟು ತಿರುಗಿಸಬೇಕು ಅಂತ ಕೈಯಲ್ಲಿ ತೋರಿಸಿದೆ. ಅವಳು ಕನ್ನಡಿಯಲ್ಲಿ ನನ್ನೊಬ್ಬಳನ್ನೇ ನೋಡುತ್ತಿದ್ದಳು. ಮತ್ತೆ ಧಡ್. ಮತ್ತೆ ಬರ್ಲಿ. ಮರಕ್ಕೂ ಗಾಡಿಗೂ ನಡುವೆ ಒಂದು ಗೇಣು ಉಳಿಯಿತು. ಕೊನೆಗೆ ಎರಡು ಗುದ್ದು.

ಅಷ್ಟೇ. ಒಳಗೆ ಬಂದಾಯಿತು.

ಪೆಗ್ಗಿ ಇಳಿಯಲಿಲ್ಲ. ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಇಳಿದು, ಕೆವಿನ್ ಕಾರಿನಿಂದ ಆ ಬೋರ್ಡು ತೆಗೆದು, ಗಾಡಿ ಸಮವಾಗಿ ನಿಲ್ಲಲಿ ಅಂತ ಚಕ್ರದ ಕೆಳಗೆ ಸಿಕ್ಕಿಸಿದಳು. ಮುಖ್ಯಸ್ಥರು ನನ್ನ ಹತ್ತಿರ ಬಂದು ನಿಮ್ಮದು ಯಾವ ರೆಜಿಮೆಂಟ್ ಅಂತ ಕೇಳಿದರು.

"ಕಿಚನ್" ಅಂದೆ.

ಪಾಪ, ಸೆಲ್ಯೂಟ್ ಹೊಡೆದರು. ನಾಚಿಕೆಯಾಗಿ ಗಾಡಿಯೊಳಗೆ ಹೋಗಿ ಕೂತೆ. ಸಹಾಯ ಮಾಡುವವರು ಅಷ್ಟು ಜನ ಇದ್ದರು. ನೀನೇ ಮಾಡು, ನಾನು ಹಿಂದೆ ನಿಂತಿರುತ್ತೇನೆ ಅನ್ನಲು ಒಬ್ಬರಿಗಾದರೂ ಯಾಕೆ ಹೊಳೆಯಲಿಲ್ಲ?

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ, ಆದರೆ ಅಕ್ಟೋಬರ್ ತನಕ ನಿಮ್ಮಮ್ಮನ ಕಣ್ಣಿಗೆ ಬೀಳದ ಕಡೆ. ಪೆಗ್ಗಿ ಆಗ ಗಾಡಿ ತೆಗೆದುಕೊಂಡು ಫ್ಲಾರಿಡಾಕ್ಕೆ ಹೊರಟಿದ್ದಾಳೆ, ರಿವರ್ಸ್‌ಗೆ ನಾನು ಬೇಕಂತೆ.