ಖಾರ್ಕಿವ್‌ನ ತಂಗಿ, ಬೆಲ್ಗೊರೊದ್‌ನ ಅಕ್ಕ

ಹೇಮಲತಾಳ ಮಧ್ಯಾಹ್ನದ ಕನಸುಗಳು ರಷ್ಯನ್ ಭಾಷೆಯಲ್ಲಿರುತ್ತಿದ್ದವು. ವಡೋದರಾದ ಆಲ್ಕಾಪುರಿಯಲ್ಲಿ ಮೂರನೇ ಮಹಡಿಯ ಮನೆ. ಹೊರಗೆ ಮೇ ತಿಂಗಳ ಬಿಸಿಲು. ಪರದೆ ಎಳೆದು ಅಡ್ಡಾದಳೆಂದರೆ ಫ್ಯಾನಿನ ಸದ್ದು ಮೆಲ್ಲಗೆ ರೈಲಿನ ಸದ್ದಾಗುತ್ತಿತ್ತು. ಸೂರ್ಯಕಾಂತಿ ಹೊಲಗಳ ನಡುವೆ ಆ ರೈಲು ಹೋಗುತ್ತಲೇ ಇರುತ್ತಿತ್ತು. ಪಕ್ಕದಲ್ಲಿ ಕೂತ ಯಾರೋ ಒಂದೊಂದೇ ಸ್ಟೇಷನ್ನಿನ ಹೆಸರು ಹೇಳುತ್ತಿದ್ದರು. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಬಾಯಿಗೆ ಕನ್ನಡ ಬರುತ್ತಿರಲಿಲ್ಲ. ಗಂಡ ಪಾಂಡುರಂಗ ಚಹಾ ಹಿಡಿದು ನಿಂತು, “ಇವತ್ತ ಯಾವ ಊರಾಗ ಇದ್ದಿ?” ಎಂದು ಕೇಳುತ್ತಿದ್ದ.

ಅವಳು ಧಾರವಾಡದವಳು. ಕಾಲೇಜಿನ ದಿನಗಳಲ್ಲಿ ಮನೆಗೆ ಹೋಗುವ ಬಸ್ಸಿಗೆ ಇನ್ನೂ ಒಂದು ಗಂಟೆ ಇರುತ್ತಿತ್ತು. ಆ ಗಂಟೆಯಲ್ಲಿ ಮೇಲಿನ ಕೋಣೆಯಲ್ಲಿ ರಷ್ಯನ್ ಪಾಠ ನಡೆಯುತ್ತಿತ್ತು. ಅವಳು ಆ ಭಾಷೆ ಕಲಿಯಲು ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಆದರೆ ಅದು ಅವಳ ನಾಲಿಗೆಗೆ ಚೆನ್ನಾಗಿ ಹೊಂದಿಕೊಂಡಿತು. ೧೯೮೪ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಹತ್ತು ತಿಂಗಳು ಖಾರ್ಕಿವ್ ನಗರಕ್ಕೆ ಹೋದಳು. ಆಗ ಅದೆಲ್ಲ ಒಂದೇ ದೇಶ.

ಹಾಸ್ಟೆಲಿನಲ್ಲಿ ಅವಳ ಜೊತೆ ಕೋಣೆ ಹಂಚಿಕೊಂಡವಳು ಲೀದಾ. ಲೀದಾಳ ಅಕ್ಕ ವೇರಾ ಮದುವೆಯಾಗಿ ಬೆಲ್ಗೊರೊದ್ ಪಟ್ಟಣದಲ್ಲಿದ್ದಳು. ಎರಡು ಊರುಗಳ ನಡುವೆ ಎಂಬತ್ತು ಕಿಲೋಮೀಟರ್. ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಅಕ್ಕನ ಮನೆ. ಇಬ್ಬರ ತಾಯಿ ಮಾತ್ರ ಎರಡಕ್ಕೂ ನಡುವೆ, ವಿಶ್ನೆವೆ ಎಂಬ ಪುಟ್ಟ ಹಳ್ಳಿಯಲ್ಲಿದ್ದಳು. ವಿಶ್ನೆವೆ ಎಂದರೆ ಚೆರ್ರಿ ಹಣ್ಣಿನ ಊರು. ಬೇಸಿಗೆಯ ಭಾನುವಾರಗಳಲ್ಲಿ ಮೂವರೂ ಹುಡುಗಿಯರು ಅಲ್ಲಿ ಸೇರುತ್ತಿದ್ದರು. ತಾಯಿ ಹೇಮಲತಾಳ ಜಡೆಯನ್ನು ಮುಟ್ಟಿ ಮುಟ್ಟಿ ನೋಡಿ, “ಇವಳೂ ನನ್ನ ಮಗಳೇ, ಬಿಸಿಲಲ್ಲಿ ಹೆಚ್ಚು ಹೊತ್ತು ಬಿಟ್ಟವಳು” ಎಂದು ನಗುತ್ತಿದ್ದಳು. ಆ ಮುದುಕಿ ಮಾತಾಡುತ್ತಿದ್ದುದು ಉಕ್ರೇನಿಯನ್. ಹೇಮಲತಾಳಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅಕ್ಕತಂಗಿಯರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ರಷ್ಯನ್ನಿಗೆ ತಿರುಗಿಸಿ ಹೇಳುತ್ತಿದ್ದರು.

ಊರಿಗೆ ಬಂದ ಮೇಲೆ ಬ್ಯಾಂಕಿನಲ್ಲಿದ್ದ ಪಾಂಡುರಂಗನೊಡನೆ ಮದುವೆ, ವರ್ಗವಾಗಿ ವಡೋದರಾ. ಇಲ್ಲಿನ ಎಣ್ಣೆ ಶುದ್ಧೀಕರಣದ ಕಾರ್ಖಾನೆಯಲ್ಲಿ ಸೋವಿಯತ್ ಕಾಲದ ಯಂತ್ರಗಳಿದ್ದವು. ಅವುಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತಿರುಗಿಸುವವರು ಬೇಕಾಗಿದ್ದರು. ಹೇಮಲತಾ ಇಪ್ಪತ್ತಾರು ವರ್ಷ ಪಂಪು, ವಾಲ್ವು, ಒತ್ತಡಗಳ ಬಗ್ಗೆ ಬರೆದಳು. ಆಮೇಲೆ ಸೂರತ್‌ಗೆ ಹೋಗಿ, ರಷ್ಯಾದಿಂದ ಕಲ್ಲು ತರಿಸುವ ವಜ್ರದ ವ್ಯಾಪಾರಿಗಳಿಗೆ ರಷ್ಯನ್ ಕಲಿಸಿದಳು. ಖಾರ್ಕಿವ್‌ಗೆ ವೈದ್ಯಕೀಯ ಓದಲು ಹೊರಟ ಗುಜರಾತಿನ ಮಕ್ಕಳಿಗೂ ಕಲಿಸಿದಳು. ಮಗಳು ಹುಟ್ಟಿದಾಗ ನಿಕಿತಾ ಎಂದು ಹೆಸರಿಟ್ಟಳು. “ಹುಚ್ಚಿ, ಅದು ನಮ್ಮಲ್ಲಿ ಗಂಡುಮಕ್ಕಳ ಹೆಸರು!” ಎಂದು ಲೀದಾ ಪತ್ರ ಬರೆದಿದ್ದಳು. ಅದೇ ವಾರ ವೇರಾಳಿಂದಲೂ ಅದೇ ಮಾತಿನ ಪತ್ರ ಬಂದಿತ್ತು. ಅಷ್ಟರಲ್ಲಿ ಸೋವಿಯತ್ ದೇಶ ಒಡೆದು, ಖಾರ್ಕಿವ್ ಉಕ್ರೇನಿಗೂ ಬೆಲ್ಗೊರೊದ್ ರಷ್ಯಾಕ್ಕೂ ಸೇರಿ, ಎಂಬತ್ತು ಕಿಲೋಮೀಟರ್ ನಡುವೆ ಒಂದು ಗಡಿ ಬಂದಿತ್ತು, ಆದರೆ ಅಕ್ಕತಂಗಿಯರು ಅದನ್ನು ಹಳ್ಳದಂತೆ ದಾಟಿ ಓಡಾಡುತ್ತಿದ್ದರು. ತಾಯಿ ತೀರಿಕೊಂಡಾಗ ಇಬ್ಬರೂ ಸೇರಿ ವಿಶ್ನೆವೆಯ ಚೆರ್ರಿ ಮರಗಳ ಆಚೆ ಅವಳನ್ನು ಮಣ್ಣು ಮಾಡಿದರು.

೨೦೨೨ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು.

ಲೀದಾ ಖಾರ್ಕಿವ್‌ನ ಮೆಟ್ರೋ ನಿಲ್ದಾಣದಲ್ಲಿ ಚಾಪೆ ಹಾಸಿ ಮಲಗಿದ್ದಳು. ಮೇಲೆ ಊರು ನಡುಗುತ್ತಿತ್ತು. ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದಳು. ವೇರಾ, “ಹೆದರಬೇಡ, ನಮ್ಮವರು ನಿಮ್ಮನ್ನು ಉಳಿಸಲು ಬರುತ್ತಿದ್ದಾರೆ” ಎಂದಳಂತೆ. “ಯಾರಿಂದ ಉಳಿಸಲು?” ಎಂದು ಲೀದಾ ಕೇಳಿದಳು. ಅಕ್ಕತಂಗಿಯರ ನಡುವೆ ಅದೇ ಕೊನೆಯ ಮಾತು. ಲೀದಾಳ ಮಗ ಉಕ್ರೇನಿನ ಸೈನ್ಯ ಸೇರಿದ. ವೇರಾಳ ಅಳಿಯನನ್ನು ಆ ಕಡೆಯ ಸೈನ್ಯಕ್ಕೆ ಕರೆದೊಯ್ದರು. ವಿಶ್ನೆವೆ ಒಮ್ಮೆ ಅವರ ಕೈಗೆ, ಒಮ್ಮೆ ಇವರ ಕೈಗೆ ಹೋಗಿ, ಕೊನೆಗೆ ಯಾರೂ ಕಾಲಿಡಲಾಗದ ಊರಾಯಿತು.

ಇಬ್ಬರೂ ಹೇಮಲತಾಳಿಗೆ ಮಾತ್ರ ಫೋನು ಮಾಡುವುದನ್ನು ನಿಲ್ಲಿಸಲಿಲ್ಲ. ಭಾನುವಾರ ಮೊದಲು ಲೀದಾ, ಆಮೇಲೆ ವೇರಾ. ಇಬ್ಬರೂ ಕೊನೆಯಲ್ಲಿ, ಏನೋ ಮರೆತಿದ್ದು ನೆನಪಾದಂತೆ, “ಅವಳು ಹೇಗಿದ್ದಾಳೆ?” ಎಂದು ಕೇಳುತ್ತಿದ್ದರು.

ಮರುವರ್ಷದ ಒಂದು ಭಾನುವಾರ ಲೀದಾ ಫೋನು ಮಾಡಿದವಳೇ ಉಕ್ರೇನಿಯನ್ನಿನಲ್ಲಿ ಮಾತಾಡತೊಡಗಿದಳು. ಹೇಮಲತಾ ರಷ್ಯನ್ನಿನಲ್ಲಿ, “ನಿಧಾನ, ನನಗೆ ಅರ್ಥವಾಗುವುದಿಲ್ಲ” ಎಂದಳು. “ಆ ಭಾಷೆ ನನ್ನ ಬಾಯಲ್ಲಿ ಇನ್ನು ನಿಲ್ಲುವುದಿಲ್ಲ, ಹೇಮಾ. ತಪ್ಪು ತಿಳಿಯಬೇಡ,” ಎಂದಳು ಲೀದಾ, ಆ ಒಂದು ಮಾತನ್ನು ಮಾತ್ರ ರಷ್ಯನ್ನಿನಲ್ಲಿ.

ಹಾಗಾಗಿ ಅರವತ್ತೆರಡನೇ ವಯಸ್ಸಿನಲ್ಲಿ ಹೇಮಲತಾ ಇನ್ನೊಂದು ಭಾಷೆ ಕಲಿಯಲು ಹೊರಟಳು. ಅವಳ ಹಳೆಯ ಶಿಷ್ಯೆ ಅದಿತಿ ಖಾರ್ಕಿವ್‌ನಲ್ಲಿ ಓದುತ್ತಿದ್ದವಳು, ಯುದ್ಧ ಶುರುವಾದಾಗ ಬಂಕರಿನಿಂದ ಎದ್ದು ಬಂದವಳು. ಈಗ ಅಹಮದಾಬಾದ್‌ನ ನರೋಡಾದಲ್ಲಿ ತಂದೆತಾಯಿಯ ಜೊತೆಗಿದ್ದು ಅಲ್ಲಿನ ಒಂದು ಆಸ್ಪತ್ರೆಗೆ ಹೋಗುತ್ತಿದ್ದಳು. ಮೈಸೂರು ಕಡೆಯ ಮನೆತನ, ಆದರೆ ಇಲ್ಲೇ ಬೆಳೆದ ಹುಡುಗಿ. ಶನಿವಾರ ಬೆಳಗಿನ ರೈಲಿಗೆ ಹೇಮಲತಾ ಅಲ್ಲಿಗೆ ಹೋಗುವಳು. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಕಿಟಕಿ ಮುಚ್ಚಿಕೊಂಡು ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂರುವರು.

“ಆಂಟಿ, ಉಲ್ಟಾ ಆಯ್ತು ನೋಡಿ. ನೀವು ನಂಗೆ ರಷ್ಯನ್ ಟೀಚ್ ಮಾಡಿದ್ರಿ, ಈಗ ನಾನು ನಿಮ್ಗೆ!”

“ಫೀಸ್ ಏನ್ ಕೊಡ್ಲಿ ಹೇಳವ್ವಾ?”

“ಚಟ್ನಿಪುಡಿ. ಶೇಂಗಾದ್ದು, ತೀಖಾ ಇರೋದು.”

ನವೆಂಬರಿಗೆ ಆ ಭಾಷೆಯಲ್ಲಿ ‘ಲಿಸ್ತೊಪಾದ್’ ಎಂದು ಹೆಸರು, ಅಂದರೆ ಎಲೆ ಉದುರುವುದು. ಜುಲೈಗೆ ಒಂದು ಮರದ ಹೆಸರು. ಹೇಮಲತಾ ಮರಳುವ ರೈಲಿನಲ್ಲಿ ತಿಂಗಳುಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತ ಕೂರುತ್ತಿದ್ದಳು. ಹೊರಗೆ ಆಣಂದದ ತಂಬಾಕಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ಎಲೆ ಉದುರದ ಈ ನಾಡಿನ ಮೇಲೆಯೂ ಎಲೆಗಳು ಒಂದೊಂದಾಗಿ ಇಳಿಯುತ್ತಿವೆ ಎನಿಸುತ್ತಿತ್ತು. ಕೆಲವು ಪದಗಳನ್ನು ಅವಳು ಕಲಿಯಬೇಕಾಗಲೇ ಇಲ್ಲ. ಅವು ವಿಶ್ನೆವೆಯ ಮುದುಕಿಯ ದನಿಯಲ್ಲಿ ಎಂದೋ ಒಳಗೆ ಬಂದು ಕೂತಿದ್ದವು.

೨೦೨೫ರ ಬೇಸಿಗೆಯಲ್ಲಿ ಇಸ್ತಾಂಬುಲ್‌ನಲ್ಲಿ ಶಾಂತಿ ಮಾತುಕತೆ ಎಂದು ಸುದ್ದಿ ಬಂತು. ಪಾಂಡುರಂಗ ಪೇಪರು ಓದಿ ಹೇಳಿದ: “ನಾಲ್ಕು ಪ್ರಾಂತ್ಯ ಬಿಟ್ಟು ಎದ್ದು ಹೋಗ್ರಿ, ಆಮ್ಯಾಲೆ ಶಾಂತಿ ಅಂತಾರ ರಷ್ಯಾದವ್ರು. ಮೊದ್ಲು ಗುಂಡು ನಿಲ್ಲಸ್ರಿ, ಆಮ್ಯಾಲೆ ಮಾತು ಅಂತಾರ ಉಕ್ರೇನಿನವ್ರು. ಹಿಂಗಾದ್ರ ಮುಗೀತು.”

“ಕೂತು ಮಾತಾಡ್ಲಿಕ್ಕೆ ಒಪ್ಪ್ಯಾರಲ್ರೀ, ಅಷ್ಟರ ಆತಲ್ಲ.”

ತಾನೂ ಅಕ್ಕತಂಗಿಯರನ್ನು ಒಂದೇ ಪರದೆಯ ಮೇಲೆ ಕೂರಿಸುತ್ತೇನೆ ಎಂದು ಹೇಮಲತಾ ಪಣ ತೊಟ್ಟಳು. ಒಪ್ಪಿಸಲು ಮೂರು ವಾರ ಹಿಡಿಯಿತು. ವೇರಾ “ಅವಳೇ ಮೊದಲು ಕೇಳಲಿ” ಎಂದಳು. ಲೀದಾ ಒಂದೇ ಷರತ್ತು ಹಾಕಿದಳು: ನಾನು ರಷ್ಯನ್ ಆಡುವುದಿಲ್ಲ, ನೀನು ನಡುವೆ ಕೂತು ತಿರುಗಿಸಿ ಹೇಳಬೇಕು.

ಇಸ್ತಾಂಬುಲ್ ಮಾತುಕತೆಯ ಮುನ್ನಾದಿನದ ಭಾನುವಾರಕ್ಕೆ ಕರೆ ಗೊತ್ತಾಯಿತು. ಆ ದಿನ ಹೇಮಲತಾ ಸೂರತ್‌ನಲ್ಲಿ, ಉಧ್ನಾದ ಮಗಳ ಮನೆಯಲ್ಲಿದ್ದಳು. ನಿಕಿತಾ ಲ್ಯಾಪ್‌ಟಾಪ್ ಜೋಡಿಸಿಕೊಟ್ಟು, “ಮಮ್ಮಿ, ಅವ್ರಿಬ್ರ ಝಘಡಾ ಅವ್ರದ್ದು. ನೀ ಯಾಕೆ ಅವ್ರ ಬೀಚ್‌ಮೇ ಬರ್ತಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಎಳೆದುಕೊಂಡು ಹೋದಳು. ಕೆಳಗಿನ ಬೀದಿಯಿಂದ ಮಗ್ಗಗಳ ಒಂದೇ ಸಮನೆ ಬಡಿತ ಕೇಳುತ್ತಿತ್ತು. ಇಲ್ಲಿ ನಾಲ್ಕೂವರೆ, ಅಲ್ಲಿ ಎರಡು. ಬೇಸಿಗೆಯಲ್ಲಿ ಎರಡೂ ಊರಿನ ಗಡಿಯಾರ ಒಂದೇ ಸಮಯ ತೋರಿಸುತ್ತವೆ. ಚಳಿಗಾಲ ಬಂದರೆ ಒಂದು ಗಂಟೆ ಬೇರೆಯಾಗುತ್ತವೆ.

ಮೊದಲು ವೇರಾಳ ಮುಖ ಬಂತು. ತುಟಿಗೆ ಬಣ್ಣ ಹಚ್ಚಿದ್ದಳು. ಆಮೇಲೆ ಲೀದಾ. ಮೂರು ವರ್ಷದಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ವೇರಾ ಕೈಯನ್ನು ಬಾಯಿಗೆ ಒತ್ತಿಕೊಂಡಳು.

“ತೆಳ್ಳಗಾಗಿದ್ದೀಯ,” ಎಂದಳು ವೇರಾ ರಷ್ಯನ್ನಿನಲ್ಲಿ.

ಹೇಮಲತಾ ಉಕ್ರೇನಿಯನ್ನಿನಲ್ಲಿ ಹೇಳಿದಳು: “ತೆಳ್ಳಗಾಗಿದ್ದೀಯ ಅನ್ನುತ್ತಾಳೆ.”

“ಆರನೇ ಮಹಡಿಗೆ ಲಿಫ್ಟ್ ಇಲ್ಲ ಅಂತ ಹೇಳು,” ಎಂದಳು ಲೀದಾ.

ಮೂವರಿಗೂ ನಗು ಬಂತು. ಯಾರಿಗೂ ಅನುವಾದದ ಅಗತ್ಯವಿರಲಿಲ್ಲ. ಲೀದಾ ಅರವತ್ತು ವರ್ಷ ರಷ್ಯನ್ ಆಡಿದವಳು, ವೇರಾ ಉಕ್ರೇನಿಯನ್ ಕೇಳುತ್ತಲೇ ತೊಟ್ಟಿಲಲ್ಲಿ ಮಲಗಿದವಳು. ಆದರೂ ಪ್ರತಿಯೊಂದು ಮಾತೂ ಸೂರತ್‌ಗೆ ಬಂದು, ಅಲ್ಲಿ ಸ್ವಲ್ಪ ತಂಗಿ, ಮತ್ತೆ ಎಂಬತ್ತು ಕಿಲೋಮೀಟರ್ ಆಚೆಗೆ ಹೋಗುತ್ತಿತ್ತು. ಕಾಲು ಗಂಟೆ ಹಾಗೆ ಚೆನ್ನಾಗಿ ಸಾಗಿತು. ಮಂಡಿನೋವು, ಹಲ್ಲು, ಬೆಕ್ಕು. ಮಗ್ಗದ ಸದ್ದಿನ ನಡುವೆ ಹೇಮಲತಾಳಿಗೆ ತಾನು ಪರದೆಯ ಈಚೆ ಕೂತಿದ್ದೇನೋ, ಚೆರ್ರಿ ಮರದ ಕೆಳಗೋ ತಿಳಿಯದಂತಾಯಿತು.

ಆಗ ವೇರಾ ತಾಯಿಯ ಸಮಾಧಿಯ ಮಾತೆತ್ತಿದಳು.

“ಗಡಿಯ ಉದ್ದಕ್ಕೂ ಒಂದು ಪಟ್ಟಿ ನೆಲ ನಮ್ಮ ಕಡೆಗೆ ಬರುತ್ತದಂತೆ. ವಿಶ್ನೆವೆಯೂ ಅದರಲ್ಲಿ ಸೇರುತ್ತದೆ. ಬಂದ ತಕ್ಷಣ ನಾನೇ ಹೋಗಿ ಅಮ್ಮನ ಸಮಾಧಿ ಚೊಕ್ಕಟ ಮಾಡಿಸುತ್ತೇನೆ. ಲೀದಾಳೂ ಬರಲಿ. ಅವಳಿಗೆ ಪರವಾನಗಿ ನಾನು ಮಾಡಿಸಿಕೊಡುತ್ತೇನೆ.”

ವೇರಾ ಇದನ್ನು ಪ್ರೀತಿಯಿಂದಲೇ ಹೇಳಿದ್ದಳು. ಹೇಮಲತಾ ಬಾಯಿ ತೆರೆಯುವ ಮೊದಲೇ ಲೀದಾಳ ಮುಖ ಕಲ್ಲಾಗಿತ್ತು.

“ಪರವಾನಗಿ? ನನ್ನ ಅಮ್ಮನ ಬಳಿಗೆ ಹೋಗಲು?” ಅವಳು ಒಂದೊಂದೇ ಪದವನ್ನು ಇಟ್ಟಂತೆ ಹೇಳಿದಳು: “ಅಮ್ಮ ಮೊದಲೇ ಸತ್ತದ್ದು ಒಳ್ಳೆಯದಾಯಿತು ಅಂತ ಅವಳಿಗೆ ಹೇಳು. ಇಲ್ಲದಿದ್ದರೆ ಅವಳ ಅಳಿಯನ ಗುಂಡಿಗೇ ಸಾಯುತ್ತಿದ್ದಳು.”

ಇಪ್ಪತ್ತಾರು ವರ್ಷ ಕೈಪಿಡಿ ತಿರುಗಿಸುವಾಗ ಹೇಮಲತಾ ಒಂದು ಅಂಕಿಯನ್ನೂ ತಪ್ಪಿಸಿರಲಿಲ್ಲ. ಈಗ ಅವಳು ರಷ್ಯನ್ನಿನಲ್ಲಿ ಹೇಳಿದಳು: “ಅಮ್ಮ ಇದನ್ನೆಲ್ಲ ನೋಡಲಿಲ್ಲವಲ್ಲ, ಅದೊಂದೇ ಸಮಾಧಾನ ಅನ್ನುತ್ತಿದ್ದಾಳೆ.”

“ಹೇಮಾ,” ಎಂದಳು ಲೀದಾ, “ನಾನು ಹೇಳಿದ್ದು ಅದಲ್ಲ.”

“ಅವಳು ಹೇಳಿದ್ದು ನನಗೆ ಕೇಳಿಸಿತು,” ಎಂದಳು ವೇರಾ. “ಅಮ್ಮನ ಭಾಷೆ ನನಗೂ ಬರುತ್ತದೆ.”

ಪರದೆಯಿಂದ ಲೀದಾಳ ಮುಖ ಆರಿಹೋಯಿತು. ವೇರಾ ತುಟಿಯ ಬಣ್ಣ ಕೆನ್ನೆಗೆಲ್ಲ ಹರಡುವಂತೆ ಅತ್ತು, “ನಾನು ಹೇಳಿದ್ದರಲ್ಲಿ ತಪ್ಪೇನಿತ್ತು, ಹೇಮಾ?” ಎಂದು ಕೇಳಿದಳು.

ಹೇಮಲತಾ ಹೇಳಿದಳು, “ಆ ಊರು ನಿನ್ನದೂ ಹೌದು, ಅವಳದೂ ಹೌದು. ಆದರೆ ನೀನು ಅವಳನ್ನು ಅಲ್ಲಿಗೆ ಅತಿಥಿಯಾಗಿ ಕರೆದೆ.” ವೇರಾ ಕರೆ ಮುಗಿಸಿದಳು.

ಮರುದಿನ ಇಸ್ತಾಂಬುಲ್‌ನಲ್ಲಿ ದೊಡ್ಡವರ ಮಾತುಕತೆಯೂ ಸುಮಾರು ಒಂದು ಗಂಟೆಯಲ್ಲಿ ಮುಗಿಯಿತು. ಭೂಮಿಯ ವಿಷಯದಲ್ಲಿ ಯಾರೂ ಕದಲಲಿಲ್ಲ. ಸತ್ತ ಸೈನಿಕರ ದೇಹಗಳನ್ನೂ ಸೆರೆಯಾಳುಗಳನ್ನೂ ಪರಸ್ಪರ ಹಿಂದಿರುಗಿಸಲು ಒಪ್ಪಿದರು, ಅಷ್ಟೇ. ಊರಿಗೆ ಮರಳಿದ ಹೇಮಲತಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

“ನಾ ಸುಳ್ಳ ಹೇಳ್ಬಾರ್ದಿತ್ತು,” ಎಂದಳು.

ಪಾಂಡುರಂಗ ಅವಳ ತಟ್ಟೆಗೆ ರೊಟ್ಟಿ ಹಾಕಿದ. “ನೀ ಸುಳ್ಳ ಹೇಳ್ಲಿಲ್ಲ. ಆಕಿ ನಾಳೆ ಏನ್ ಹೇಳ್ಬೇಕಂತಿದ್ಲೋ ಅದನ್ನ ಇವತ್ತ ಹೇಳ್ದಿ. ಅವಸರ ಮಾಡ್ದಿ, ಅಷ್ಟ.”

ಎರಡು ಭಾನುವಾರ ಯಾವ ಫೋನೂ ಬರಲಿಲ್ಲ. ಮೂರನೆಯ ಭಾನುವಾರ ಅವಳೇ ಲೀದಾಳಿಗೆ ಕರೆ ಮಾಡಿ, “ನಿನ್ನ ಮಾತನ್ನು ಬದಲಿಸಿದೆ, ಕ್ಷಮಿಸು” ಎಂದಳು. ಲೀದಾ, “ಅವಳ ಅಳಿಯ ಬದುಕಿದ್ದಾನೆಯೇ?” ಎಂದು ಕೇಳಿದಳು. ಬದುಕಿದ್ದಾನೆ, ಒಂದು ಕಾಲಿಗೆ ಪೆಟ್ಟಾಗಿದೆ ಎಂದಳು ಹೇಮಲತಾ. “ಸರಿ,” ಎಂದಳು ಲೀದಾ.

ಆಗಸ್ಟಿನ ಮಳೆಯಲ್ಲಿ ಬೆಲ್ಗೊರೊದ್‌ನಿಂದ ಒಂದು ಪಾರ್ಸೆಲ್ ಬಂತು. ಆ ಎರಡು ದೇಶಗಳ ನಡುವೆ ಅಂಚೆ ನಿಂತುಹೋಗಿತ್ತು, ವಡೋದರಾಕ್ಕೆ ಮಾತ್ರ ದಾರಿ ತೆರೆದಿತ್ತು. ಒಳಗೆ ಉದ್ದನೆಯ ಬಿಳಿ ಬಟ್ಟೆ, ಕೆಂಪು ದಾರದ ಕಸೂತಿಯಲ್ಲಿ ಒಂದು ತುದಿಗೆ ಚೆರ್ರಿಗಳು, ಇನ್ನೊಂದು ತುದಿಗೆ ಹಕ್ಕಿಗಳು. ತಾಯಿ ತನ್ನ ಮದುವೆಗೆಂದು ಹೊಲಿದದ್ದು. ವೇರಾ ಇದನ್ನು ಎಂದೋ ತನ್ನ ಮನೆಗೆ ಒಯ್ದಿದ್ದಳು. ಲೀದಾಳ ಮನೆಯಲ್ಲಿದ್ದ ತಾಯಿಯ ವಸ್ತುಗಳೆಲ್ಲ ಮೊದಲ ವರ್ಷವೇ ಸುಟ್ಟುಹೋಗಿದ್ದವು. ಪಾರ್ಸೆಲ್‌ನಲ್ಲಿ ಪತ್ರವಿರಲಿಲ್ಲ. ಫೋನಿನಲ್ಲಿ ಕೇಳಿದಾಗ ವೇರಾ, “ಅವಳಿಗೆ ಕಳಿಸು. ನಾನು ಕಳಿಸಿದೆ ಅಂತ ಬೇಕಾದರೆ ಹೇಳಬೇಡ” ಎಂದಳು.

“ನಾ ಇನ್ನ ಏನೂ ಬದಲಿ ಮಾಡೂದಿಲ್ಲ,” ಎಂದು ಹೇಮಲತಾ ಗಂಡನಿಗೆ ಹೇಳಿ, ಬಟ್ಟೆಯನ್ನು ಮಡಚಿ, ಪೋಲೆಂಡಿನ ದಾರಿಯಾಗಿ ಹೋಗುವ ಕೊರಿಯರ್‌ಗೆ ಕೊಟ್ಟಳು. ಒಳಗೆ ಒಂದು ಚೀಟಿ ಬರೆದಿಟ್ಟಳು: ವೇರಾ ಕಳಿಸಿದ್ದಾಳೆ. ಹೇಳಬೇಡ ಅಂದಿದ್ದಳು, ಹೇಳುತ್ತಿದ್ದೇನೆ.

ನವೆಂಬರಿನಲ್ಲಿ ಲೀದಾಳಿಂದ ಒಂದು ಫೋಟೋ ಬಂತು. ಒಂದೂ ಮಾತಿಲ್ಲ. ಗೋಡೆಯ ಮೇಲೆ ಹಲಗೆ, ಅದಕ್ಕೆ ಉದ್ದಕ್ಕೆ ತೂಗುಹಾಕಿದ ಬಟ್ಟೆ, ಚೆರ್ರಿಗಳು ಮೇಲೆ, ಹಕ್ಕಿಗಳು ಕೆಳಗೆ. ಹೇಮಲತಾ ಅದನ್ನು ಹಾಗೆಯೇ ವೇರಾಳಿಗೆ ಕಳಿಸಿದಳು. ಅರ್ಧ ಗಂಟೆಗೆ ಉತ್ತರ: “ತಲೆಕೆಳಗಾಗಿ ಹಾಕಿದ್ದಾಳೆ. ಹಕ್ಕಿಗಳು ಮೇಲಿರಬೇಕು ಅಂತ ಹೇಳು.”

ಹೇಮಲತಾ ಪದಕ್ಕೆ ಪದ, ಏನನ್ನೂ ಮೆದುಗೊಳಿಸದೆ, ಉಕ್ರೇನಿಯನ್ನಿನಲ್ಲಿ ಬರೆದು ಕಳಿಸಿದಳು.

ಸಂಜೆ ಲೀದಾ ಬರೆದಳು: “ಅಮ್ಮ ಹಾಗೇ ಹಾಕುತ್ತಿದ್ದಳು ಅಂತ ಹೇಳು. ಅವಳು ಮದುವೆಯಾಗಿ ಹೋದ ಮೇಲೆ ಅಮ್ಮ ಬದಲಿಸಿದ್ದು. ಅವಳಿಗೆ ಗೊತ್ತಿಲ್ಲ.”

ಅದನ್ನೂ ಹೇಮಲತಾ ಕಳಿಸಿದಳು. ವೇರಾ ಒಪ್ಪಲಿಲ್ಲ. ಡಿಸೆಂಬರ್ ಪೂರ್ತಿ ಆ ಹಕ್ಕಿಗಳ ವಾದವೇ ನಡೆಯಿತು. ಅಮ್ಮ ಯಾವ ಹಬ್ಬಕ್ಕೆ ಅದನ್ನು ತೆಗೆಯುತ್ತಿದ್ದಳು, ಯಾವ ಗೋಡೆ, ಯಾವ ಮೊಳೆ. ಅತ್ತ ಮತ್ತೆ ಯಾವುದೋ ಊರಿನಲ್ಲಿ ದೊಡ್ಡವರು ಸೇರಿದರು, ನಕ್ಷೆ ಬಿಡಿಸಿದರು, ಏನೂ ಆಗದೆ ಎದ್ದರು. ಇತ್ತ ಅಕ್ಕತಂಗಿಯರು ಇನ್ನೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಪಾಂಡುರಂಗ ಒಮ್ಮೆ ಬೇಸತ್ತು, “ಹಕ್ಕಿ ಮ್ಯಾಲಿದ್ರೇನು ಕೆಳಗಿದ್ರೇನು, ಮಾರಾಯ್ತಿ?” ಎಂದ.

“ಸುಮ್ನಿರ್ರೀ,” ಎಂದಳು ಹೇಮಲತಾ, ಕನ್ನಡಕ ಸರಿಪಡಿಸಿಕೊಳ್ಳುತ್ತ. “ವೇರಾ ಏನೋ ಬರ್ದಾಳ.”