ಮೂರು ಸಂತೆ, ಹತ್ತು ದಿನ

ಶಿಕಾರಿಪುರದ ಗಾರೆ ಕೆಲಸದವರ ನಡುವೆ ನನ್ನ ಅಣ್ಣನಿಗೆ ಸತ್ತ ಮೇಲೆ ಒಂದು ಹೆಸರು ಬಂತು. ಅವಸರದ ಮೇಸ್ತ್ರಿ. ಯಾರಾದರೂ ಹಸಿ ಗೋಡೆಗೆ ಪ್ಲಾಸ್ಟರ್ ಹಚ್ಚಲು ಹೊರಟರೆ, "ಸೊರಬದ ಪೋರ್ಟಿಕೊ ಆದೀತು ನೋಡಲೇ" ಎನ್ನುತ್ತಿದ್ದರಂತೆ. ಇದಕ್ಕಿಂತ ದೊಡ್ಡ ಸುಳ್ಳನ್ನು ನಾನು ಕೇಳಿಲ್ಲ. ಅಣ್ಣ ಒಂದು ಲೋಟ ಚಹಾ ಕುಡಿಯುವುದಕ್ಕೂ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ. ಬಾಗಿಲ ಚೌಕಟ್ಟು ನಿಲ್ಲಿಸಿ ತೂಗುಗುಂಡು ಬಿಟ್ಟರೆ, ಅದು ಅಲುಗಾಡುವುದು ನಿಲ್ಲುವ ತನಕ ಮಾತಾಡದೆ ಕೂತಿರುತ್ತಿದ್ದ. ಅವಸರ ನನ್ನದು. ಅದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತೆ.

ಅಪ್ಪ ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸು. ಅಣ್ಣ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಒಬ್ಬ ಮುದುಕ ಮೇಸ್ತ್ರಿಯ ಕೈಕೆಳಗೆ ಸೇರಿದ. ನಾನು ಕನ್ನಡ ಶಾಲೆ ಮುಗಿಸಿ, ಡಿಪ್ಲೊಮಾ ಮಾಡಿ, ಬಿ.ಇ. ಮಾಡಿ, ಕೊನೆಗೆ ದೂರದ ವಿಶ್ವವಿದ್ಯಾಲಯದಲ್ಲಿ ಎಂ.ಟೆಕ್. ಸೇರಿದೆ. ವಿಷಯ ಕನ್‌ಸ್ಟ್ರಕ್ಷನ್ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್. ಅಣ್ಣನಿಗೆ ಆ ಹೆಸರನ್ನು ಪೂರ್ತಿ ಹೇಳಲು ಬರುತ್ತಿರಲಿಲ್ಲ, ಆದರೆ ಕೊನೆಯ ಪದ ಇಷ್ಟವಾಗಿತ್ತು.

"ಕಟ್ಟೋರು ನಾವು, ಮ್ಯಾನೇಜ್ ಮಾಡೋಳು ನೀನು," ಎಂದು ನಗುತ್ತಿದ್ದ. "ಹಂಗಾದ್ರೆ ಬಿಸಿಲು ನಮಗೆ, ಫ್ಯಾನು ನಿನಗೆ."

ಅವನು ತಮಾಷೆಗೆ ಹೇಳಿದ್ದು ಪಾಠದ ಮಟ್ಟಿಗೆ ನಿಜವೇ ಆಗಿತ್ತು. ಅಲ್ಲಿ ನಮಗೆ ಇಟ್ಟಿಗೆ ಇಡುವುದನ್ನು ಯಾರೂ ಕಲಿಸಲಿಲ್ಲ. ಒಂದು ಕಟ್ಟಡವನ್ನು ಕೆಲಸಗಳಾಗಿ ಒಡೆಯುವುದು, ಒಂದೊಂದು ಕೆಲಸಕ್ಕೂ ಇಷ್ಟು ದಿನ ಎಂದು ಕಂಪ್ಯೂಟರಿನಲ್ಲಿ ಒಂದು ಅಡ್ಡಪಟ್ಟಿ ಎಳೆಯುವುದು, ಯಾವ ಪಟ್ಟಿ ತಡವಾದರೆ ಇಡೀ ಕೆಲಸ ತಡವಾಗುತ್ತದೋ ಅದಕ್ಕೆ ಕೆಂಪು ಬಣ್ಣ ಕೊಡುವುದು. ಕೆಂಪನ್ನು ಗಿಡ್ಡ ಮಾಡಿದವನು ಜಾಣ. ಎರಡು ವರ್ಷ ನಾವು ಕೆಂಪನ್ನು ಗಿಡ್ಡ ಮಾಡುವುದನ್ನೇ ಕಲಿತೆವು.

ಎರಡನೇ ವರ್ಷ ಪ್ರತಿಯೊಬ್ಬರೂ ನಿಜವಾದ ಒಂದು ಕೆಲಸವನ್ನು ಆರಿಸಿಕೊಂಡು, ಅದರ ಅವಧಿಯನ್ನು ಹೇಗೆ ಕಡಿಮೆ ಮಾಡಬಹುದೆಂದು ತೋರಿಸಬೇಕಿತ್ತು. ಜೊತೆಯವರು ಸೇತುವೆ, ಆಸ್ಪತ್ರೆ, ಹತ್ತು ಮಹಡಿಯ ಕಟ್ಟಡಗಳನ್ನು ಹಿಡಿದರು. ಅಂಥ ಕಡೆ ಒಳಗೆ ಬಿಡಿಸಲು ನನಗೆ ಗುರುತಿನವರಿರಲಿಲ್ಲ. ನಾನು ಅಣ್ಣನ ಕೆಲಸ ಹಿಡಿದೆ. ಸೊರಬದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಮೂರು ಕೋಣೆ, ಮುಂದೆ ಕಾರು ನಿಲ್ಲಿಸಲು ಒಂದು ಪೋರ್ಟಿಕೊ. ಕಾರು ತಿರುಗಿಸಲು ತೊಡಕಾಗುತ್ತದೆಂದು ಮೇಷ್ಟ್ರು ಪೋರ್ಟಿಕೊಗೆ ಎದುರಿನ ಕಂಬ ಬೇಡವೆಂದಿದ್ದರು. ಅದು ಗೋಡೆಯಿಂದ ಹಾಗೇ ಮುಂದಕ್ಕೆ ಚಾಚಿಕೊಂಡಿರಬೇಕಿತ್ತು.

ಅಣ್ಣನಿಗೆ ಅವನ ಗುರುವಿನಿಂದ ಬಂದ ಒಂದು ಲೆಕ್ಕವಿತ್ತು. ಸ್ಲ್ಯಾಬ್ ಹಾಕಿದ ಮೇಲೆ ಮೂರು ಸಂತೆ ಕಳೆಯಬೇಕು, ಅಲ್ಲಿಯ ತನಕ ಕೆಳಗೆ ಆಧಾರಕ್ಕೆ ನಿಲ್ಲಿಸಿದ ಸೆಂಟ್ರಿಂಗ್ ಕಂಬಗಳನ್ನು ಮುಟ್ಟಬಾರದು. ಕೂಲಿಯವರಿಗೆ ತಾರೀಕು ನೆನಪಿರುವುದಿಲ್ಲ, ಸಂತೆ ಮರೆಯುವುದಿಲ್ಲ. ಸ್ಲ್ಯಾಬ್ ಹಾಕಿದ ಮಾರನೇ ದಿನವೇ ಸಂತೆ ಬಂದರೆ ಅದನ್ನು ಎಣಿಸುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಅದು ಇನ್ನೂ ಬಾಣಂತಿ, ಸಂತೆಗೆ ಕಳಿಸ್ತಾರೇನು?" ಎನ್ನುತ್ತಿದ್ದ.

ನನ್ನ ಚಾರ್ಟಿನಲ್ಲಿ ಆ ಮೂರು ಸಂತೆ ಇಪ್ಪತ್ತೊಂದು ದಿನದ ಉದ್ದನೆಯ ಕೆಂಪು ಪಟ್ಟಿಯಾಗಿ ಬಂತು. ನನಗೆ ಮಾರ್ಗದರ್ಶಕರಾಗಿದ್ದ ಪ್ರೊಫೆಸರರು ಅದರ ಮೇಲೆ ಪೆನ್ನಿಟ್ಟರು.

"ಏನಮ್ಮ ಇದು, ಇಪ್ಪತ್ತೊಂದು ದಿನ ಏನೂ ಕೆಲಸ ಇಲ್ವ?"

"ಮೂರು ಸಂತೆ ಕಾಯ್ತಾರೆ ಸರ್," ಎಂದೆ.

ಕೋಣೆಯಲ್ಲಿದ್ದ ಇನ್ನಿಬ್ಬರು ವಿದ್ಯಾರ್ಥಿಗಳು ನಕ್ಕರು. ಪ್ರೊಫೆಸರರು ನಗಲಿಲ್ಲ. "ಅದು ನಂಬಿಕೆ, ಎಂಜಿನಿಯರಿಂಗ್ ಅಲ್ಲ. ಕೋಡ್ ಪುಸ್ತಕದಲ್ಲಿ ಎಷ್ಟಿದೆ ನೋಡಿ ಹಾಕಿ," ಎಂದರು. ಆ ನಗೆಯಿಂದ ನನಗಾದ ನಾಚಿಕೆ ಇವತ್ತಿಗೂ ನೆನಪಿದೆ. ಅಣ್ಣನ ಬಗ್ಗೆ ನಾಚಿಕೆಪಟ್ಟೆ ಎಂದು ನೇರವಾಗಿ ಬರೆಯುವುದೇ ಸರಿ.

ಕಟ್ಟಡದ ನಿಯಮಗಳ ಆ ಪುಸ್ತಕ ತೆಗೆದೆ. ಅಂಥ ಅಳತೆಯ ಸ್ಲ್ಯಾಬಿನ ಕಂಬಗಳಿಗೆ ಏಳು ದಿನ ಎಂದಿತ್ತು. ನಾನು ಹತ್ತು ಹಾಕಿದೆ. ಮೂರು ದಿನ ನನ್ನ ಕಡೆಯಿಂದ, ಸುರಕ್ಷತೆಗೆ. ಹಾಗೆ ಹಾಕಿದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ರಜೆಯಲ್ಲಿ ಊರಿಗೆ ಬಂದು, ಅಣ್ಣ ರೊಟ್ಟಿ ತಿನ್ನುತ್ತಿದ್ದಾಗ ಚಾರ್ಟು ಬಿಚ್ಚಿ ತೋರಿಸಿದೆ. ಅತ್ತಿಗೆ ಒಲೆಯ ಮುಂದಿದ್ದಳು.

"ಮೂರು ಸಂತೆ ಎಲ್ಲಿ ಹೋತು?" ಎಂದ ಅಣ್ಣ.

"ಸಂತೆಗೂ ಸಿಮೆಂಟಿಗೂ ಏನಣ್ಣ ಸಂಬಂಧ? ಸ್ಲ್ಯಾಬೇನು ಕಾಯಿಪಲ್ಯ ತರಾಕೆ ಹೋಗ್ತದಾ?"

ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ಅಣ್ಣನೂ ನಕ್ಕ. ಆದರೆ ಚಾರ್ಟಿನಿಂದ ಕಣ್ಣು ತೆಗೆಯಲಿಲ್ಲ.

"ಅದು ನಮ್ಮ ಮುದುಕ ಮೇಸ್ತ್ರಿ ಹೇಳಿದ್ದಲ್ವಾ ತಂಗಿ. ಆವಯ್ಯ ಕಟ್ಟಿದ್ದು ಒಂದೂ ಬಿದ್ದಿಲ್ಲ."

"ಅವರ ಕಾಲದ ಸಿಮೆಂಟ್ ಬೇರೆ, ಈಗಿನದು ಬೇರೆ. ಪುಸ್ತಕದಲ್ಲಿ ಏಳು ದಿನ ಐತೆ. ನಾನೇ ಹೆದರಿ ಹತ್ತು ಬರ್ದೀನಿ."

"ಏಳು ಐತಾ?" ಎಂದ. ಸ್ವಲ್ಪ ಹೊತ್ತು ರೊಟ್ಟಿ ಅಗಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನೋಡೇ, ಇಷ್ಟು ದಿನ ಸುಮ್ನೆ ಕಾಯ್ದು ಕಾಯ್ದು ಮುದುಕ ಆದೆ," ಎಂದ.

ಈಗಿನ ಸಿಮೆಂಟ್ ಬೇರೆ ಎಂದು ನಾನು ಹೇಳಿದ್ದು ನಿಜವೇ. ಎಷ್ಟು ಬೇರೆ ಎಂದು ಅವನ ಚೀಲದ ಮೇಲೆ ಓದಿ ನೋಡುವುದು ಮಾತ್ರ ನನಗೆ ಹೊಳೆಯಲಿಲ್ಲ.

ಸ್ಲ್ಯಾಬ್ ಹಾಕಿದ್ದು ಮಾರ್ಗಶಿರದಲ್ಲಿ. ಬೆಳಿಗ್ಗೆ ಎಂಟಾದರೂ ಸೊರಬದ ಕೆರೆಯ ಕಡೆಯಿಂದ ಮಂಜು ಸರಿಯುತ್ತಿರಲಿಲ್ಲ. ಮಾಘದಲ್ಲಿ ಗೃಹಪ್ರವೇಶ ಎಂದು ಮೇಷ್ಟ್ರು ಹೇಳಿದ್ದರು, ಆದರೆ ತಲೆಯ ಮೇಲೆ ಕೂರುವ ಮನುಷ್ಯರಲ್ಲ. ಸ್ಲ್ಯಾಬ್ ಹಾಕುವ ದಿನ ನಾನೂ ಹೋಗಿದ್ದೆ. ಅಣ್ಣ ಕರಣೆ, ರಸಮಟ್ಟ, ತೂಗುಗುಂಡುಗಳನ್ನು ಸಾಲಾಗಿಟ್ಟು, ಸಿಮೆಂಟ್ ಶೆಡ್ಡಿನ ಗೋಡೆಗೆ ನನ್ನ ಚಾರ್ಟು ಅಂಟಿಸಿ, ಎಲ್ಲಕ್ಕೂ ಒಟ್ಟಿಗೇ ಕುಂಕುಮ ಇಟ್ಟ. ಇಂಗ್ಲಿಷ್ ಓದಲು ಬಾರದ ಅವನು ಕೆಲಸದವರಿಗೆ ಬಣ್ಣ ತೋರಿಸಿ ಅರ್ಥ ಹೇಳುತ್ತಿದ್ದ.

"ಇನ್ಮೇಲೆ ಸಂತೆ ಇಲ್ಲ ಕಣ್ರಪ. ಯುನಿವರ್ಸಿಟಿ ಲೆಕ್ಕ."

"ಹಂಗಾರೆ ಸಂತಿ ರಜಾನೂ ಇಲ್ಲೇನು ಮೇಸ್ತ್ರಿ?" ಎಂದ ಸೆಂಟ್ರಿಂಗ್ ಕೆಲಸದವನು.

"ಅದನ್ನ ಇಂಜಿನಿಯರಕ್ಕನ್ನ ಕೇಳು."

ಎಲ್ಲರೂ ನನ್ನನ್ನು ನೋಡಿದರು. ನನಗೆ ಹೆಮ್ಮೆಯಾಯಿತು.

ಹತ್ತನೇ ದಿನ ನಾನು ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿದ್ದೆ. ಅಣ್ಣನ ಫೋನ್ ಬಂತು.

"ನಿನ್ನ ಹತ್ತು ದಿನ ಆತು. ಬಿಚ್ಚಲಾ?"

"ಬಿಚ್ಚು. ಅದಕ್ಕೇನ್ ಕೇಳ್ತಿ?"

"ಅಲ್ಲ, ಮುಂದಿನ ಪೋರ್ಟಿಕೊ ನೋಡಿದ್ರೆ ಯಾಕೋ ಇನ್ನೂ ಹಸಿ ಅನ್ನಿಸ್ತದೆ. ತಟ್ಟಿದ್ರೆ ಸದ್ದು ಬ್ಯಾರೆ ಬರ್ತದೆ."

"ಸದ್ದು ನೋಡಿ ಯಾರಾದ್ರೂ ಕೆಲಸ ಮಾಡ್ತಾರೇನಣ್ಣ? ಚಾರ್ಟ್ ಪ್ರಕಾರ ಹೋಗು."

"ಆತು ತಂಗ್ಯಮ್ಮ," ಎಂದ. ಅದು ಅವನ ಕೊನೆಯ ಮಾತು, ನನ್ನ ಪಾಲಿಗೆ.

ಒಳಗಿನ ಕೋಣೆಗಳ ಕಂಬಗಳನ್ನು ಕೆಲಸದವರು ತೆಗೆದರು. ಏನೂ ಆಗಲಿಲ್ಲ. ಪೋರ್ಟಿಕೊ ಕೆಳಗೆ ಮಾತ್ರ ಯಾರನ್ನೂ ಬಿಡದೆ ಅವನೇ ಹೋದನಂತೆ. ಮೂರನೇ ಕಂಬ ಸರಿಸಿದಾಗ ಪೋರ್ಟಿಕೊ ಗೋಡೆಯ ಅಂಚಿನಿಂದ ಮುರಿದು ಅವನ ಮೇಲೆ ಬಿತ್ತು. ಅವನ ಜೊತೆಗೇ ಕೆಲಸಕ್ಕೆ ಹೋಗುತ್ತಿದ್ದ ಅತ್ತಿಗೆ ಅಲ್ಲೇ, ಗೋಡೆಗೆ ನೀರು ಹೊಡೆಯುತ್ತಾ ನಿಂತಿದ್ದಳು. ಅಣ್ಣನನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ನಾನು ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ ಮುಟ್ಟಿದಾಗ ಮೇಷ್ಟ್ರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು.

"ನಾನೆಂತ ಅವಸರ ಮಾಡಿರ್ಲಿಲ್ಲ ಮಾರಾಯ್ರೇ. ನಿಧಾನ ಮಾಡು ಅಂತ್ಲೇ ಹೇಳಿದ್ದೆ. ಅವ್ನೇ ಬಿಚ್ಚಿದ್ದು."

ಪೊಲೀಸರು ಹಾಗೇ ಬರೆದುಕೊಂಡರು. ಮೇಸ್ತ್ರಿಯ ನಿರ್ಲಕ್ಷ್ಯ, ಅವಧಿಗೆ ಮುಂಚೆ ಆಧಾರ ತೆಗೆದದ್ದು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅತ್ತಿಗೆ ಒಂದು ಸಲ ನನ್ನ ಮುಖ ನೋಡಿದಳು. ದುಃಖದಿಂದ ನೋಡುತ್ತಿದ್ದಾಳೆ ಎಂದುಕೊಂಡೆ.

ಸೂತಕದ ದಿನಗಳಲ್ಲಿ ಕೋಡ್ ಪುಸ್ತಕ ಮತ್ತೆ ತೆಗೆದೆ. ದಿನಗಳ ಪಟ್ಟಿಯ ಜೊತೆಗೇ ಅದರ ಷರತ್ತುಗಳಿದ್ದವು: ಆ ದಿನಗಳು ಮಾಮೂಲಿ ಸಿಮೆಂಟಿಗೆ, ಚಳಿ ಇಲ್ಲದ ಹವೆಗೆ. ಬೇರೆ ಸಿಮೆಂಟಾದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಬೂದಿ ಬೆರೆತ ಸಿಮೆಂಟು, ಅಣ್ಣ ತಂದಿದ್ದೂ ಅದನ್ನೇ. ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಮೊದಲ ಸೆಮಿಸ್ಟರಿನ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು, ಸರಿಯಾಗಿ ಬರೆದಿದ್ದೆ. ಅಲ್ಲದೆ ಪುಸ್ತಕದ ಆ ಏಳು ದಿನ ಎರಡೂ ಕಡೆ ಗೋಡೆಯ ಮೇಲೆ ಕೂತ ಸ್ಲ್ಯಾಬಿಗೆ. ಹೊರಚಾಚಿದ ಪೋರ್ಟಿಕೊವನ್ನು ಬೇರೆಯಾಗಿ ನೋಡಬೇಕೆಂಬುದು ಡಿಪ್ಲೊಮಾ ಓದುವವರಿಗೂ ಗೊತ್ತು. ನಾನು ಚಾರ್ಟಿನಲ್ಲಿ ಎಲ್ಲಕ್ಕೂ ಸೇರಿಸಿ ಒಂದೇ ಪಟ್ಟಿ ಎಳೆದಿದ್ದೆ. ಆ ಮುದುಕ ಮೇಸ್ತ್ರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನ ಮೂರು ಸಂತೆಯೊಳಗೆ ಇದೆಲ್ಲ ಇತ್ತು.

ಹದಿಮೂರನೇ ದಿನದ ಕಾರ್ಯ ಮುಗಿಸಿ ವಾಪಸು ಹೋದೆ. ಪ್ರೊಫೆಸರರು ನಿಜವಾಗಿಯೂ ಮರುಗಿದರು. ಆಮೇಲೆ, "ವರದಿಯಲ್ಲಿ ಆ ಘಟನೆ ಹಾಕಬೇಡಿ. ನಿಮ್ಮದು ಯೋಜನೆ. ಸೈಟಿನಲ್ಲಿ ಆಗುವುದು ಬೇರೆ ವಿಷಯ," ಎಂದರು. ಹಾಕಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು.

"ಇಲ್ಲಿ ಎಷ್ಟು ಉಳಿಸಿದಿರಿ?"

"ಹನ್ನೊಂದು ದಿನ ಸರ್."

"ವೆರಿ ಗುಡ್," ಎಂದರು.

ನನಗೆ ತರಗತಿಯಲ್ಲೇ ಎರಡನೇ ಸ್ಥಾನ ಬಂತು. ಆ ಪದವಿಯಿಂದ ಕೆಲಸ ಸಿಕ್ಕಿತು. ಈಗಲೂ ನಾನು ರಸ್ತೆ ಮಾಡುವ ಒಂದು ಕಂಪನಿಯಲ್ಲಿ ಇಂಥದೇ ಚಾರ್ಟು ಎಳೆಯುತ್ತೇನೆ. ಫ್ಯಾನಲ್ಲ, ಎ.ಸಿ.

ಎರಡನೇ ವರ್ಷದ ತಿಥಿಗೆ ಊರಿಗೆ ಹೋದಾಗ ಅತ್ತಿಗೆ ಬೇರೆ ಮೇಸ್ತ್ರಿಗಳ ಜೊತೆ ಕೂಲಿಗೆ ಹೋಗುತ್ತಿದ್ದಳು. ಅಂದು ಎಡೆ ಇಟ್ಟು, ಊಟವಾದ ಮೇಲೆ ಅಂಗಳದಲ್ಲಿ ಕೂತಿದ್ದೆವು. ಕೆಲಸದ ಜಾಗದಲ್ಲಿ ತನ್ನನ್ನು ಏನೆಂದು ಕರೆಯುತ್ತಾರೆ ಎಂದು ಅವಳೇ ಹೇಳಿದಳು.

"'ಅವಸರದ ಮೇಸ್ತ್ರಿ ಹೆಂಡ್ತಿ ಬಂದ್ಲು, ಬುಟ್ಟಿ ಬೇಗ ತುಂಬ್ರಪ' ಅಂತಾರೆ. ನಾನೂ ನಗ್ತೀನಿ. ಏನ್ ಮಾಡ್ಲಿ, ನಕ್ಕರೆ ಬುಟ್ಟಿ ಹಗುರ ಆಗ್ತದೆ."

ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಫೋನಿನಲ್ಲಿ ಅವನು ಅನುಮಾನಪಟ್ಟದ್ದು, ನಾನು ಗದರಿಸಿದ್ದು, ಪುಸ್ತಕದಲ್ಲಿ ನಾನು ಬಿಟ್ಟ ಸಾಲು, ಎಲ್ಲವನ್ನೂ. ಅವಳು ಅಳುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದು ಕಾದೆ. ಅವಳು ಸೀರೆಯ ಮೇಲಿದ್ದ ಒಂದು ಅನ್ನದ ಅಗುಳನ್ನು ತೆಗೆದು ಹೊರಗೆ ಹಾಕಿದಳು.

"ಗೊತ್ತು ನನಗೆ. ಫೋನ್ ಮಾಡಿದಾಗ ಬಗಲಾಗೇ ಇದ್ದೆ. 'ಬ್ಯಾಡ ಬಿಡು, ಇನ್ನೊಂದ್ ವಾರ ನೋಡಾಣ' ಅಂದೆ. 'ತಂಗಿ ಹೇಳ್ಯಾಳ' ಅಂದ, ಹೋದ."

"ಗೊತ್ತಿದ್ದೂ ಇಷ್ಟು ದಿನ ಯಾಕೆ ಕೇಳಲಿಲ್ಲ ಅತ್ತಿಗೆ?"

"ಓದಿದೋಳು, ನೀನಾಗೇ ಹೇಳ್ತಿ ಅಂತ ಕಾಯ್ದೆ. ಎರಡು ವರ್ಷ ಆತು." ಎದ್ದು ನಿಂತಳು. "ಈಗ ನನಗೆ ಹೇಳಿದ್ರೆ ಏನ್ ಬಂತು? ನಾನು ಅವನಿಗೆ ಅವಸರದೋನು ಅಂದಿಲ್ಲ. ಅಂದೋರ ಮುಂದೆ ಹೋಗಿ ಹೇಳು."

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ, ಗಾರೆ ಕೆಲಸದವರು ಕೂಲಿಗಾಗಿ ನಿಲ್ಲುವ ಜಾಗಕ್ಕೆ ಹೋದೆ. ಹತ್ತು ಹದಿನೈದು ಮಂದಿ ಇದ್ದರು. ನಾಲ್ಕೈದು ಮುಖ ಪರಿಚಯದವು. ನಾನು ಹೇಳಬೇಕಾದದ್ದನ್ನು ಹೇಳಿದೆ. ಅಣ್ಣ ಅವಸರ ಮಾಡಲಿಲ್ಲ, ಹತ್ತು ದಿನ ಎಂದು ಬರೆದವಳು ನಾನು, ಬಿಚ್ಚು ಎಂದವಳೂ ನಾನು. ನನ್ನ ದನಿ ನನಗೆ ಮಾತ್ರ ಕೇಳಿಸುವಷ್ಟು ಸಣ್ಣದಾಗಿತ್ತು. ಯಾರೋ "ಜೋರಾಗಿ ಹೇಳ್ರೀ" ಎಂದರು. ಮತ್ತೆ ಮೊದಲಿಂದ ಹೇಳಿದೆ.

ಒಬ್ಬ ವಯಸ್ಸಾದ ಮೇಸ್ತ್ರಿ ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಅವತ್ತು ಹೇಳಿದ್ರೆ ನಿಮ್ಮ ಸರ್ಟಿಫಿಕೇಟ್ ಕಸ್ಕೊತಿದ್ರೇನ್ರೀ?" ಎಂದ. ಅಷ್ಟರಲ್ಲಿ ತೊಗರ್ಸಿ ಕಡೆಯ ಕೆಲಸಕ್ಕೆ ಒಂದು ಟೆಂಪೊ ಬಂತು. ಏಳೆಂಟು ಮಂದಿ ಹತ್ತಿ ಹೋದರು. ಉಳಿದವರು ನನ್ನಿಂದ ಸ್ವಲ್ಪ ದೂರ ಸರಿದು ನಿಂತರು.

ಮನೆಗೆ ಬಂದಾಗ ಅತ್ತಿಗೆ ಕೆಲಸಕ್ಕೆ ಹೋಗದೆ ಕಾಯುತ್ತಿದ್ದಳು.

"ಹೇಳಿದ್ಯಾ?"

"ಹೇಳಿದೆ."

"ಯಾರ್ ಯಾರು ಇದ್ರು?"

ನೆನಪಿದ್ದವರ ಹೆಸರನ್ನು ಒಂದೊಂದಾಗಿ ಹೇಳಿದೆ. ಅವಳು ಬೆರಳು ಮಡಚುತ್ತಾ ಕೇಳಿದಳು.

"ಸೆಂಟ್ರಿಂಗ್ ಮಾಡ್ತಿದ್ದೋನು ಇರ್ಲಿಲ್ಲೇನು? ಅವಸರದ ಮೇಸ್ತ್ರಿ ಅಂತ ಹೆಸರು ಮೊದಲು ಇಟ್ಟೋನು ಅವನೇ."

"ಇರಲಿಲ್ಲ."

"ಹಂಗಾದ್ರೆ ನಾಳೆ ಮತ್ತೆ ಹೋಗು," ಎಂದಳು.