ಚುಚ್ಚಿಸಿದ್ದಕ್ಕೆ ಸಾಕ್ಷಿ

ನನ್ನ ಮಗಳಿಗೆ ಹಾಕಿಸಬೇಕಾದ ಒಂದು ಲಸಿಕೆಯನ್ನೂ ನಾನು ತಪ್ಪಿಸಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಎರಡು ತಿಂಗಳು ನಾನು ಮಾತಾಡಿಸಿದವರೆಲ್ಲ ನನ್ನನ್ನು ಮಗು ಹೆತ್ತು ಬೀದಿಗೆ ಬಿಟ್ಟವಳ ಹಾಗೆ ನೋಡಿದರು.

ನನ್ನ ಗಂಡ ಮಸ್ಕತ್ತಿನಲ್ಲಿ ಏಸಿ ಮೆಕ್ಯಾನಿಕ್. ಮೂರು ವರ್ಷ ಒಬ್ಬರೇ ಇದ್ದು ಕೊನೆಗೆ ನಮ್ಮಿಬ್ಬರಿಗೂ ವೀಸಾ ಮಾಡಿಸಿದರು. ಆರು ವರ್ಷದ ಮಗಳಿಗೆ ಅಲ್ಲಿನ ಶಾಲೆಯೊಂದರಲ್ಲಿ ಒಂದನೇ ತರಗತಿಗೆ ಸೀಟೂ ಸಿಕ್ಕಿತ್ತು. ನಾನು ಹಾಸನದ ಬಾಡಿಗೆ ಮನೆಯಲ್ಲಿ ಪಾತ್ರೆ ಪಗಡ ಕಟ್ಟಿಡುತ್ತಿದ್ದೆ. ಹೊರಡಲು ಐದು ವಾರ ಇರುವಾಗ ಗಂಡನಿಗೆ ಶಾಲೆಯವರ ಮೇಲ್ ಬಂತು. ಹುಟ್ಟಿದ ದಿನದಿಂದ ಹಾಕಿಸಿದ ಎಲ್ಲ ಲಸಿಕೆಗಳ ದಾಖಲೆ ಬೇಕು, ತಾರೀಕು ಸಮೇತ, ಡಾಕ್ಟರ ಸಹಿ ಮೊಹರು ಸಮೇತ. ಇಲ್ಲದಿದ್ದರೆ ಮಗುವನ್ನು ತರಗತಿಗೆ ಕೂರಿಸುವುದಿಲ್ಲ.

“ತಾಯಿ ಕಾರ್ಡ್ ಇದ್ಯಲ್ಲ, ಫೋಟೊ ತೆಗ್ದು ಕಳ್ಸು,” ಎಂದರು ಗಂಡ.

ಬಸಿರಾದಾಗ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಆ ಪುಸ್ತಕ. ಮಗುವಿಗೆ ಹಾಕಿದ ಸೂಜಿಗಳನ್ನೆಲ್ಲ ಅದರಲ್ಲೇ ಬರೆಯುವುದು. ಕಟ್ಟಿದ್ದ ಗಂಟುಗಳನ್ನೆಲ್ಲ ಬಿಚ್ಚಿದೆ. ಮಗಳು ಬಾಲವಾಡಿಯಲ್ಲಿ ಗೀಚಿದ ಹಾಳೆಗಳೂ ಸಿಕ್ಕವು, ಕಾರ್ಡ್ ಸಿಗಲಿಲ್ಲ. ಹಳೇಕೋಟೆಯಲ್ಲಿದ್ದ ಅತ್ತೆಗೆ ಫೋನ್ ಮಾಡಿದೆ.

“ಅಯ್, ಅದಾ? ಓದ್ ವರ್ಸ ಜೋಯಿಸ್ರಿಗೆ ಕೊಟ್ಟಿದ್ನಲ್ಲವ್ವ. ಮಗೀಗೆ ಪರದೇಸಕ್ಕೆ ಓಗೋ ಯೋಗ ಐತಾ ಅಂತ ಕೇಳಕ್ಕೆ. ಉಟ್ಟಿದ್ ಟೈಮು ಅದ್ರಾಗೆ ಬರ್ದಿತ್ತಲ್ಲ.”

“ವಾಪಸ್ ಇಸ್ಕೊಳ್ಲಿಲ್ವಾ ಅತ್ತೆ?”

“ಯೋಗ ಐತೆ ಅಂದ್ರು ಕಣವ್ವ, ಕುಸಿಯಾಗಿ ಬಂದ್ಬುಟ್ಟೆ.”

ಮರುದಿನವೇ ಜೋಯಿಸರಿದ್ದ ಹೊಳೆನರಸೀಪುರಕ್ಕೆ ಬಸ್ಸು ಹತ್ತಿದೆ. ಜೋಯಿಸರು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ಕಾಗದಪತ್ರವನ್ನೆಲ್ಲ ಮೂಟೆ ಕಟ್ಟಿ ಗುಜರಿಗೆ ಹಾಕಿದ್ದಾಯಿತು ಎಂದರು. ಮಗಳ ಜಾತಕ ಮಾತ್ರ ಅವರ ಮೊಬೈಲಿನಲ್ಲಿ ಭದ್ರವಾಗಿತ್ತು. ಬೇಕಾದರೆ ಇನ್ನೊಂದು ಪ್ರತಿ ತೆಗೆದುಕೊಡುತ್ತೇನೆ ಎಂದರು. ಬೇಡ ಎಂದು ಬಂದೆ.

ಇನ್ನು ಉಳಿದದ್ದು ಚುಚ್ಚಿಸಿದ ಊರೂರಿಗೂ ಹೋಗಿ ಬರೆಸಿಕೊಂಡು ಬರುವುದು. ಹೆರಿಗೆ ಆಗಿದ್ದು ತವರೂರು ಅರಕಲಗೂಡಿನಲ್ಲಿ. ಮೊದಲ ಮೂರೂವರೆ ತಿಂಗಳಿನ ಲಸಿಕೆಗಳು ಅಲ್ಲಿಯವು. ಒಂಬತ್ತು ತಿಂಗಳಿನದು ಹಳೇಕೋಟೆಯಲ್ಲಿ. ಗಂಡ ಆಗ ಚನ್ನರಾಯಪಟ್ಟಣದಲ್ಲಿ ಕೆಲಸಕ್ಕಿದ್ದರಿಂದ ಒಂದೂವರೆ ವರ್ಷದ್ದು ಅಲ್ಲಿ. ಐದು ವರ್ಷದ್ದು ಹಾಸನದಲ್ಲಿ. ಅದರ ಚೀಟಿಯೊಂದು ನನ್ನ ಪರ್ಸಿನಲ್ಲಿತ್ತು.

ಅರಕಲಗೂಡಿನ ಆಸ್ಪತ್ರೆಯಲ್ಲಿ ರಿಜಿಸ್ಟರ್ ಹುಡುಕಿಸುವುದಕ್ಕೆ ಎರಡು ಸಲ ಹೋಗಬೇಕಾಯಿತು. ಎರಡನೇ ಸಲ ಗುಮಾಸ್ತರು ದಪ್ಪನೆಯ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. ನನ್ನ ಹೆಸರಿತ್ತು, ಎದುರಿಗೆ ‘ಹೆಣ್ಣು ಮಗು’ ಎಂದಿತ್ತು, ತಾರೀಕುಗಳೆಲ್ಲ ಸರಿಯಾಗಿದ್ದವು. ನನಗೆ ಕುಣಿಯುವಷ್ಟು ಸಂತೋಷ.

“ಮಗೀನ್ ಹೆಸ್ರಿಲ್ವಲ್ಲ ಮೇಡಂ ಇದ್ರಲ್ಲಿ,” ಎಂದರು ಅವರು.

“ಹುಟ್ಟಿದ್ ದಿನ ಯಾರ್ ಸಾರ್ ಹೆಸ್ರಿಡ್ತಾರೆ?”

“ಅದು ಸರಿ. ಆದ್ರೆ ಈ ಹೆಣ್ಣು ಮಗು, ನೀವ್ ಹೇಳೋ ಹುಡುಗೀನೇ ಅಂತ ನಾನ್ ಹೆಂಗ್ ಬರ್ಕೊಡ್ಲಿ?”

ಪಕ್ಕದಲ್ಲೇ ಮಗಳು ನಿಂತಿದ್ದಳು. ಅವಳನ್ನು ಎರಡು ಕೈಯಿಂದ ಎತ್ತಿ ಅವರ ಮೇಜಿನ ಮೇಲೆ, ರಿಜಿಸ್ಟರಿನ ಪಕ್ಕಕ್ಕೆ ಕೂರಿಸಿದೆ. “ನೋಡಿ ಸಾರ್, ಇವ್ಳೇ. ಇನ್ನೊಬ್ಳನ್ನ ನಾನ್ ಹೆತ್ತಿಲ್ಲ,” ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಅಳು ಬಂದಿತ್ತು. ಗುಮಾಸ್ತರು ನಗದೆ, ಜನನ ಪ್ರಮಾಣಪತ್ರವನ್ನೂ ಒಂದು ಅಫಿಡವಿಟ್ಟನ್ನೂ ತರಲು ಹೇಳಿದರು. ಎರಡನ್ನೂ ಮಾಡಿಸಿ ತಂದುಕೊಟ್ಟೆ. ಮೂರನೇ ಸಲ ಹೋದಾಗ ಸಹಿ ಸಿಕ್ಕಿತು. ಮೊಹರು ಇಟ್ಟಿದ್ದ ಬೀರುವಿನ ಕೀಲಿ ಮಾತ್ರ ರಜೆಯಲ್ಲಿದ್ದವರ ಹತ್ತಿರ ಇತ್ತು. ಮೊಹರಿಗೆಂದೇ ನಾಲ್ಕನೇ ಸಲ ಹೋದೆ.

ಹಳೇಕೋಟೆಯಲ್ಲಿ ಅಷ್ಟು ಪಾಡು ಬೀಳಲಿಲ್ಲ. ಅಲ್ಲಿನ ಸಿಸ್ಟರು ಹೊಸಬರು. ನಾನು ನಡೆದದ್ದನ್ನೆಲ್ಲ ಹೇಳುತ್ತಿದ್ದಂತೆಯೇ ನೆಲದ ಮೇಲೆ ಕೂತು ಹಳೆಯ ಪುಸ್ತಕಗಳನ್ನು ಒಂದೊಂದಾಗಿ ಒದರಿ ಹುಡುಕಿದರು. ಸಿಕ್ಕ ಮೇಲೆ, “ಕೂತ್ಕೊ ತಾಯಿ, ಮೊದ್ಲು ನೀರ್ ಕುಡಿ,” ಎಂದು ಚೊಂಬು ಕೊಟ್ಟರು. ಆ ಎರಡು ತಿಂಗಳಲ್ಲಿ ನನಗೆ ಕೂರಲು ಹೇಳಿದವರು ಅವರೊಬ್ಬರೇ.

ಚನ್ನರಾಯಪಟ್ಟಣದಲ್ಲಿ ಏನೂ ಸಿಗಲಿಲ್ಲ. ನಮ್ಮ ಬೀದಿಗೆ ಬಂದು ಸೂಜಿ ಹಾಕಿದ್ದ ಸಿಸ್ಟರಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಆ ವರ್ಷದ ಪುಸ್ತಕ ತಾಲ್ಲೂಕು ಆಫೀಸಿನಲ್ಲಿದೆ ಎಂದು ಆರೋಗ್ಯ ಕೇಂದ್ರದವರು, ಕೇಂದ್ರದಲ್ಲಿದೆ ಎಂದು ಆಫೀಸಿನವರು. ಬೇಸಿಗೆಯ ಬಿಸಿಲಿನಲ್ಲಿ ಮಗಳನ್ನು ಎಳೆದುಕೊಂಡು ಎರಡೂ ಕಡೆಗೆ ನಾಲ್ಕು ಸಲ ನಡೆದೆ. ಐದನೇ ಸಲ ಅವಳು ರಸ್ತೆಯಲ್ಲೇ ಕೂತುಬಿಟ್ಟಳು. “ನಂಗೆ ಸ್ಕೂಲೇ ಬೇಡ ಕಣಮ್ಮ,” ಎಂದಳು. ನನಗೂ ಬೇಡವಾಗಿತ್ತು.

ಸಿಕ್ಕಷ್ಟನ್ನು ಹಿಡಿದುಕೊಂಡು ಹಾಸನದ ಮಕ್ಕಳ ಡಾಕ್ಟರ ಬಳಿ ಹೋದೆ. ತಾಳ್ಮೆಯ ಮನುಷ್ಯ. ಎಲ್ಲವನ್ನೂ ಓದಿ ಶಾಲೆಯವರು ಕಳಿಸಿದ್ದ ಇಂಗ್ಲಿಷಿನ ಫಾರಂ ತುಂಬಿದರು. “ಒಂದೂವರೆ ವರ್ಷದ ದಡಾರದ್ದಕ್ಕೆ ಪುರಾವೆ ಇಲ್ಲ. ಅಲ್ಲದೆ ಶಾಲೆಯೋರು ಕೆಪ್ಪಟ್ರಾಯಕ್ಕೂ, ಮಂಗನಬಾವು ಅಂತಾರಲ್ಲ ಅದಕ್ಕೂ, ಹಾಕ್ಸಿರ್ಬೇಕು ಅಂದಿದಾರೆ. ಸರ್ಕಾರಿ ಲಸಿಕೇಲಿ ಅದು ಸೇರಿರಲ್ಲಮ್ಮ. ಎರಡಕ್ಕೂ ಸೇರಿ ಒಂದೇ ಸೂಜಿ ಹಾಕ್ಬಿಡ್ತೀನಿ,” ಎಂದರು. ಮಗಳು ಕೂಗಾಡಿ ಹಾಕಿಸಿಕೊಂಡಳು. ಫಾರಂ ಮಸ್ಕತ್ತಿಗೆ ಹೋಯಿತು. ಆ ಸಂಜೆ ನಾನು ಗಂಟುಗಳನ್ನು ಮತ್ತೆ ಕಟ್ಟಿದೆ.

ಎರಡು ದಿನ ಬಿಟ್ಟು ಗಂಡನ ಫೋನು. “ಸೀತಾಳೆ ಸಿಡುಬಿನ್ದು ಕಾಲಿ ಬಿಟ್ಟಿದೀರಂತೆ. ಅದೂ ಬೇಕಂತೆ.”

ಅತ್ತೆ ಆಗ ನಮ್ಮನ್ನು ಬೀಳ್ಕೊಡಲು ಹಾಸನಕ್ಕೆ ಬಂದಿದ್ದರು. “ಅಮ್ಮ ಬಂದ್ ಓಗೈತಲ್ಲ ಮಗೀಗೆ!” ಎಂದರು. “ಪಟ್ನದಾಗಿದ್ದಾಗ ಬೇವಿನ್ಸೊಪ್ಪಲ್ಲಿ ನಾನೇ ನೀರುಯ್ದಿದ್ನಲ್ಲ. ಅಣೆ ಮ್ಯಾಲೆ ಗುರ್ತು ನೋಡ್ಕಳಿ ಅನ್ನು ಅವ್ರಿಗೆ.”

ನಿಜ. ಹುಬ್ಬಿನ ಮೇಲೆ ಕಡಲೆ ಗಾತ್ರದ ಕಲೆ ಈಗಲೂ ಇದೆ. ಅದನ್ನೇ ಡಾಕ್ಟರಿಗೆ ತೋರಿಸಿದೆ.

“ಆಗ ಯಾವ ಡಾಕ್ಟ್ರಿಗೆ ತೋರ್ಸಿದ್ರಿ?”

ಯಾರಿಗೂ ತೋರಿಸಿರಲಿಲ್ಲ. ಅಮ್ಮ ಬಂದಾಗ ನಮ್ಮಲ್ಲಿ ಯಾರೂ ತೋರಿಸುವುದಿಲ್ಲ. ಲಸಿಕೆ ಹಾಕಿಸಿದ್ದಕ್ಕೂ ಸಾಕ್ಷಿ ಇಲ್ಲ, ಕಾಯಿಲೆ ಬಂದದ್ದಕ್ಕೂ ಸಾಕ್ಷಿ ಇಲ್ಲ.

“ಹಾಕ್ಸಿದ್ರೆ ತೊಂದ್ರೆ ಏನಿಲ್ಲ,” ಎಂದರು ಡಾಕ್ಟರು. “ಆದ್ರೆ ಮೊನ್ನೆ ಹಾಕಿದ್ದೂ ಇದೂ ಒಂದೇ ಥರದ್ದು, ಜೀವ ಇರೋ ಲಸಿಕೆ. ಒಂದೇ ದಿನ ಹಾಕ್ಬೇಕಿತ್ತು. ಇಲ್ದಿದ್ರೆ ನಡುವೆ ನಾಲ್ಕು ವಾರ ಬಿಡ್ಬೇಕು.”

“ಸಾರ್, ಮುಂದಿನ್ ಶುಕ್ರವಾರ ನಮ್ ವಿಮಾನ.”

ಅವರು ಮೊನ್ನೆಯ ಸೂಜಿಯಿಂದ ಎಣಿಸಿ, ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟನೇ ದಿನಕ್ಕೆ ಪೆನ್ನಿನಿಂದ ಗುರುತು ಹಾಕಿದರು. ಅವರ ಮೇಲೆ ರೇಗಲು ಕಾರಣವೇ ಇರಲಿಲ್ಲ. ಅದಕ್ಕೆ ಮನೆಗೆ ಬಂದು ಫೋನಿನಲ್ಲಿ ಗಂಡನ ಮೇಲೆ ರೇಗಿದೆ. ಶಾಲೆಯ ಮೇಲ್ ಅನ್ನು ಮೊದಲೇ ಪೂರ್ತಿ ಓದಬಾರದಿತ್ತೇ ಎಂದೆ. ಕಾರ್ಡನ್ನು ಜೋಪಾನ ಮಾಡಬಾರದಿತ್ತೇ ಎಂದರು ಅವರು. ಕಾರ್ಡು ಕೊಟ್ಟವರು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಅವರ ಹೆಸರು ನನ್ನ ಬಾಯಿಯವರೆಗೂ ಬಂತು, ನುಂಗಿಕೊಂಡೆ. ಅಮ್ಮನ ಮೇಲೆ ಮಗ ದೂರದಿಂದ ಕಿರುಚುವುದು ಬೇಡ ಎನಿಸಿತು. ಆದರೆ ಅತ್ತೆಯೇ ಫೋನ್ ಕಸಿದುಕೊಂಡು, “ನಾನ್ ಕೊಟ್ಟಿದ್ದು ಕಣ್ಲಾ ಅದ್ನ. ಬಯ್ಯಂಗಿದ್ರೆ ನನ್ನ ಬಯ್ಯಿ,” ಎಂದರು. ಫೋನ್ ಇಟ್ಟ ಮೇಲೆ ನಾವಿಬ್ಬರೂ ಕೂತು ಉಳಿದ ಅವರೆಕಾಯಿಯನ್ನೆಲ್ಲ ಸುಲಿದೆವು.

ಪ್ರಯಾಣ ಮುಂದೆ ಹೋಯಿತು. ಮನೆ ಬಿಡುತ್ತೇವೆಂದು ಹೇಳಿ ಆಗಿದ್ದರಿಂದ ಮಾಲೀಕರ ಕೈಕಾಲು ಹಿಡಿದು ಇನ್ನೊಂದು ತಿಂಗಳು ಉಳಿದೆವು. ಗ್ಯಾಸ್ ಒಲೆ ಆಗಲೇ ನಾದಿನಿಯ ಮನೆಗೆ ಹೋಗಿತ್ತು. ಕರೆಂಟಿನ ಒಲೆಯಲ್ಲಿ ಅನ್ನ ಸಾರು ಬೇಯಿಸಿಕೊಂಡೆವು. ಇಪ್ಪತ್ತೆಂಟನೇ ದಿನ ಬೆಳಿಗ್ಗೆ, ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ನಾವು ಮೆಟ್ಟಿಲ ಮೇಲಿದ್ದೆವು.

ಮಗಳು ಮಸ್ಕತ್ತಿನ ಶಾಲೆಗೆ ಸೇರಿದಾಗ ಪಾಠ ಶುರುವಾಗಿ ಮೂರು ವಾರ ಕಳೆದಿತ್ತು. ಮತ್ತೊಂದು ತಿಂಗಳಾಗಿರಬೇಕು, ಶಾಲೆಯಿಂದ ಸಂದೇಶ ಬಂತು. ಅವಳ ತರಗತಿಯ ಇಬ್ಬರು ಮಕ್ಕಳಿಗೆ ಕೆಪ್ಪಟ್ರಾಯ ಆಗಿದೆ, ಲಸಿಕೆಯ ದಾಖಲೆ ಪೂರ್ತಿ ಇಲ್ಲದ ಮಕ್ಕಳು ಕೆಲವು ದಿನ ಮನೆಯಲ್ಲೇ ಇರಲಿ, ನಿಮ್ಮ ಮಗಳು ಬರಬಹುದು. ಓದಿ ಎದೆ ಹಗುರವಾಯಿತು. ಹಾಗೆಂದು ಆ ಬಿಸಿಲು, ಆ ಬೀರುವಿನ ಕೀಲಿ ಯಾವುದನ್ನೂ ನಾನು ಇನ್ನೂ ಕ್ಷಮಿಸಿಲ್ಲ.

ಮಗಳಿಗೆ ಸಮವಸ್ತ್ರ ಹಾಕುತ್ತಾ ವಿಷಯ ಹೇಳಿದೆ. ಅವಳು ಮುಖ ಊದಿಸಿಕೊಂಡು ಶೂ ಎತ್ತಿ ಮೂಲೆಗೆಸೆದಳು.

“ಒಂದ್ ಸೂಜಿ ಕಮ್ಮಿ ಹಾಕ್ಸಿದ್ರೆ ನಂಗೂ ರಜ ಸಿಕ್ತಿರ್ಲಿಲ್ವಾ?”